ಫ್ರೆಂಚ್ ಮನೆತನದ ಹೆಸರುಗಳು: ಎಲ್ಲಿಂದ ಬಂದವು, ಅರ್ಥ ಏನು? ಪದೇ ಪದೇ ಕೇಳುವ ಪ್ರಶ್ನೆಗಳು

ಆರ್‌ಸಿಬಿ ಪಂದ್ಯ ನೋಡುವವರ ಬಾಯಲ್ಲಿ ಡಿ ವಿಲಿಯರ್ಸ್, ಡು ಪ್ಲೆಸಿ ಎಂಬ ಹೆಸರುಗಳು ಸಲೀಸಾಗಿ ಬರುತ್ತವೆ. ಇವೆರಡೂ ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಹುಟ್ಟಿದ ಹೆಸರುಗಳು. ರಸ್ತೆಯಲ್ಲಿ ಓಡುವ ರೆನೊ ಕಾರು, ಮಿಶೆಲಿನ್ ಟೈರು, ಹಾಲಿನ ಪ್ಯಾಕೆಟ್ ಮೇಲೆ ಕಾಣುವ ಪಾಶ್ಚರೀಕರಣ ಎಂಬ ಮಾತು, ಇವುಗಳ ಹಿಂದೆಯೂ ಒಂದೊಂದು ಫ್ರೆಂಚ್ ಮನೆತನವಿದೆ. ಈ ಹೆಸರುಗಳ ಬಗ್ಗೆ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಫ್ರೆಂಚ್ ಹೆಸರಿನ ಅರ್ಥ ಹುಡುಕುವವರು ನಿಘಂಟು ತೆಗೆಯುವ ಮೊದಲು ಊರು ಕೇಳಬೇಕು. ಆ ಮನೆಯವರು ಯಾವ ಸೀಮೆಯವರು ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಫ್ರೆಂಚರಿಗೆ ಮೊದಲಿನಿಂದಲೂ ಮನೆತನದ ಹೆಸರು ಇತ್ತಾ?

ಇರಲಿಲ್ಲ. ರೋಮನ್ನರ ಕಾಲದಲ್ಲಿ ದೊಡ್ಡವರಿಗೆ ಮೂರು ಮೂರು ಹೆಸರು ಇರುತ್ತಿದ್ದವು. ಆ ಸಾಮ್ರಾಜ್ಯ ಮುರಿದ ಮೇಲೆ ಆ ಪದ್ಧತಿಯೂ ಹೋಯಿತು. ನೂರಾರು ವರ್ಷ ಒಬ್ಬರಿಗೆ ಒಂದೇ ಹೆಸರು. ಹನ್ನೊಂದು, ಹನ್ನೆರಡನೇ ಶತಮಾನದ ಹೊತ್ತಿಗೆ ಊರುಗಳಲ್ಲಿ ಜನ ಜಾಸ್ತಿಯಾದರು. ಆದರೆ ಮಕ್ಕಳಿಗೆ ಇಡುವ ಹೆಸರುಗಳು ಮಾತ್ರ ಕಡಿಮೆಯಾಗುತ್ತ ಬಂದವು. ಒಂದೇ ಹಳ್ಳಿಯಲ್ಲಿ ಹತ್ತು ಜನ ಜಾಂ, ಎಂಟು ಜನ ಪಿಯೆರ್. ಯಾರನ್ನು ಕರೆದರು ಅಂತ ಗೊತ್ತಾಗಬೇಕಲ್ವಾ? ಹಾಗಾಗಿ ಕಮ್ಮಾರ ಜಾಂ, ಸೇತುವೆ ಹತ್ತಿರದ ಜಾಂ, ಕೆಂಪು ಕೂದಲಿನ ಜಾಂ, ಮಾರ್ತಾಂ ಮಗ ಜಾಂ ಎಂದು ಕರೆಯತೊಡಗಿದರು.

ಇವತ್ತಿನ ಫ್ರೆಂಚ್ ಮನೆತನದ ಹೆಸರುಗಳು ಬಹುಮಟ್ಟಿಗೆ ಈ ನಾಲ್ಕು ಬಗೆಯವೇ: ಕಸುಬು, ಜಾಗ, ರೂಪ ಅಥವಾ ಗುಣ, ಅಪ್ಪನ ಹೆಸರು. ಇವನ್ನು ಯಾರೂ ತಮಗೆ ತಾವೇ ಇಟ್ಟುಕೊಂಡದ್ದಲ್ಲ. ಅಕ್ಕಪಕ್ಕದವರು ಕರೆದದ್ದು. ಮಗನಿಗೂ ಅದೇ ಅಂಟಿಕೊಂಡಿತು, ಮೊಮ್ಮಗನಿಗೂ ಬಂತು. ಮೊಮ್ಮಗ ಕುಲುಮೆಯ ಕಡೆ ತಲೆ ಹಾಕದಿದ್ದರೂ ಅವನ ಹೆಸರು ಕಮ್ಮಾರ ಎಂದೇ ಉಳಿಯಿತು.

1539ರಲ್ಲಿ ರಾಜ ಆಜ್ಞೆ ಮಾಡಿ ಎಲ್ಲರಿಗೂ ಹೆಸರು ಕೊಡಿಸಿದ ಅಂತಾರೆ. ನಿಜವಾ?

ಅರ್ಧ ನಿಜ. 1539ರ ಆಗಸ್ಟ್‌ನಲ್ಲಿ ದೊರೆ ಮೊದಲನೇ ಫ್ರಾಂಸ್ವಾ ವಿಲೆರ್-ಕೋತ್ರೆ ಎಂಬಲ್ಲಿ ಒಂದು ದೊಡ್ಡ ಶಾಸನಕ್ಕೆ ಸಹಿ ಹಾಕಿದ. ಸರ್ಕಾರಿ ಕಾಗದಪತ್ರ ಲ್ಯಾಟಿನ್ ಬದಲು ಫ್ರೆಂಚ್‌ನಲ್ಲಿರಬೇಕು, ಪಾದ್ರಿಗಳು ಮಕ್ಕಳ ದೀಕ್ಷಾಸ್ನಾನವನ್ನು ಪುಸ್ತಕದಲ್ಲಿ ಬರೆದಿಡಬೇಕು ಎಂಬುದು ಅದರಲ್ಲಿತ್ತು. 1579ರ ಇನ್ನೊಂದು ಶಾಸನ ಮದುವೆ ಮತ್ತು ಸಾವುಗಳನ್ನೂ ಸೇರಿಸಿತು. ಆ ಹೊತ್ತಿಗಾಗಲೇ ಹೆಸರುಗಳು ಮನೆತನಕ್ಕೆ ಅಂಟಿಕೊಂಡಿದ್ದವು. ಪುಸ್ತಕದಲ್ಲಿ ಬರೆದಿಟ್ಟದ್ದರಿಂದ ಅವು ಗಟ್ಟಿಯಾದವು, ಅಷ್ಟೇ.

ಕಾನೂನಿನ ಬೀಗ ಬಿದ್ದದ್ದು ಫ್ರೆಂಚ್ ಕ್ರಾಂತಿಯ ಕಾಲದಲ್ಲಿ. 1792ರ ಸೆಪ್ಟೆಂಬರ್‌ನಲ್ಲಿ ದಾಖಲೆ ಬರೆಯುವ ಕೆಲಸ ಚರ್ಚಿನಿಂದ ಊರಾಡಳಿತಕ್ಕೆ ಹೋಯಿತು. 1794ರ ಆಗಸ್ಟ್ 23ರ ಕಾನೂನು, ಜನನ ಪತ್ರದಲ್ಲಿ ಇರುವುದನ್ನು ಬಿಟ್ಟು ಬೇರೆ ಹೆಸರನ್ನು ಯಾವ ನಾಗರಿಕನೂ ಇಟ್ಟುಕೊಳ್ಳುವಂತಿಲ್ಲ ಎಂದಿತು. ಆ ಕಾನೂನು ಇವತ್ತಿಗೂ ಜಾರಿಯಲ್ಲಿದೆ.

ಎಲ್ಲಕ್ಕಿಂತ ಸಾಮಾನ್ಯವಾದ ಹೆಸರು ಯಾವುದು?

ಮಾರ್ತಾಂ. ನಾವು ಮಾರ್ಟಿನ್ ಎಂದು ಓದುವ ಹೆಸರು. ಎರಡು ಲಕ್ಷಕ್ಕೂ ಹೆಚ್ಚು ಜನ ಈ ಮನೆತನದ ಹೆಸರಿನವರು. ಬೆರ್ನಾರ್, ತೊಮಾ, ಪೆತಿ, ರೊಬೆರ್, ದ್ಯುರಾಂ, ದ್ಯುಬ್ವಾ ಇವೆಲ್ಲ ಅದರ ನಂತರ ಬರುತ್ತವೆ.

ಕಾರಣ ನಾಲ್ಕನೇ ಶತಮಾನದ ಸಂತ ಮಾರ್ತಾಂ. ಅವನು ರೋಮನ್ ಸೈನಿಕ. ಚಳಿಗಾಲದಲ್ಲಿ ಆಮಿಯಾಂ ಊರಿನ ಬಾಗಿಲಲ್ಲಿ ನಡುಗುತ್ತಿದ್ದ ಭಿಕ್ಷುಕನನ್ನು ಕಂಡು, ತನ್ನ ಮೇಲುಹೊದಿಕೆಯನ್ನು ಕತ್ತಿಯಿಂದ ಸೀಳಿ ಅರ್ಧ ಕೊಟ್ಟ ಎಂಬ ಕತೆ ಫ್ರಾನ್ಸಿನ ಪ್ರತಿ ಮಗುವಿಗೂ ಗೊತ್ತು. ಮುಂದೆ ಅವನು ತೂರ್ ಪಟ್ಟಣದ ಬಿಷಪ್ ಆದ, 397ರಲ್ಲಿ ತೀರಿಕೊಂಡ. ಅವನ ಹೆಸರಿನ ಊರುಗಳೇ ಅಲ್ಲಿ ಇನ್ನೂರಕ್ಕೂ ಹೆಚ್ಚಿವೆ. ಪ್ರತಿ ಸೀಮೆಯಲ್ಲೂ ಮಕ್ಕಳಿಗೆ ಮಾರ್ತಾಂ ಎಂದು ಹೆಸರಿಟ್ಟರು, ಅವರ ಮಕ್ಕಳು ಮಾರ್ತಾಂ ಮನೆಯವರಾದರು.

ಆ ಹೊದಿಕೆಯ ಕತೆ ಅಲ್ಲಿಗೇ ನಿಲ್ಲುವುದಿಲ್ಲ. ಲ್ಯಾಟಿನ್‌ನಲ್ಲಿ ಹೊದಿಕೆಗೆ ಕಪ್ಪಾ, ಚಿಕ್ಕ ಹೊದಿಕೆಗೆ ಕಪ್ಪೆಲ್ಲಾ. ಸಂತನ ಹೊದಿಕೆಯನ್ನು ಪೂಜ್ಯವಾಗಿ ಇಟ್ಟ ಜಾಗಕ್ಕೂ ಅದೇ ಹೆಸರಾಯಿತು. ಅದೇ ಫ್ರೆಂಚ್‌ನ ಶಾಪೆಲ್, ಇಂಗ್ಲಿಷ್‌ನ ಚಾಪೆಲ್. ಆ ಚಿಕ್ಕ ಗುಡಿಯ ಪಕ್ಕದಲ್ಲಿ ಮನೆ ಇದ್ದವರು ಲಾಶಾಪೆಲ್ ಮನೆತನದವರಾದರು. ಒಂದೇ ಹೊದಿಕೆಯಿಂದ ಎರಡು ಮನೆತನದ ಹೆಸರು! ನನಗೆ ಬಹಳ ಇಷ್ಟವಾದ ಕತೆ ಇದು.

ಹಾಗಾದರೆ ಮಾರ್ತಾಂಗಳೆಲ್ಲ ಒಂದೇ ವಂಶದವರಾ?

ಅಲ್ಲ. ಒಂದು ಊರಿನ ಮಾರ್ತಾಂಗೂ ಇನ್ನೊಂದು ಸೀಮೆಯ ಮಾರ್ತಾಂಗೂ ರಕ್ತಸಂಬಂಧ ಇರಲೇಬೇಕು ಅಂತೇನಿಲ್ಲ. ಸಾಮಾನ್ಯ ಹೆಸರುಗಳೆಲ್ಲ ನೂರಾರು ಕಡೆ ಬೇರೆ ಬೇರೆಯಾಗಿ ಹುಟ್ಟಿವೆ. ತೀರ ಅಪರೂಪದ ಹೆಸರಾದರೆ ಮಾತ್ರ ಒಂದೇ ಮೂಲ ಇರುವ ಸಂಭವ ಹೆಚ್ಚು.

ಕಮ್ಮಾರ ಎಂಬ ಅರ್ಥದ ಹೆಸರು ಯಾವುದು?

ಊರು ಕೇಳಬೇಕು ಎಂದು ಹೇಳಿದ್ದು ಇದಕ್ಕೇ. ಒಂದೇ ಹೆಸರಲ್ಲ, ಹತ್ತಾರು ಇವೆ. ಲ್ಯಾಟಿನ್‌ನಲ್ಲಿ ಕಮ್ಮಾರನಿಗೆ ಫಾಬೆರ್. ಆ ಪದ ಫ್ರಾನ್ಸಿನ ಒಂದೊಂದು ಮೂಲೆಯಲ್ಲಿ ಒಂದೊಂದು ರೀತಿ ಬದಲಾಯಿತು. ಉತ್ತರದ ಪಿಕಾರ್ದಿ, ನಾರ್ಮಂಡಿಗಳಲ್ಲಿ ಲಫೆವ್ರ್. ಪಶ್ಚಿಮದ ಕೆಲವು ಕಡೆ ಲಫೂವ್ರ್. ಪೂರ್ವದ ಫ್ರಾಂಶ್-ಕೋಂತೆಯಲ್ಲಿ ಫೆವ್ರ್. ಸವೋಯಿ ಬೆಟ್ಟಗಳಲ್ಲಿ ಫಾವ್ರ್. ದಕ್ಷಿಣದ ಲಾಂಗ್‌ದೊಕ್‌ನಲ್ಲಿ ಫಾಬ್ರ್. ದೋಫಿನೆ, ಲಿಮೂಸಾಂ ಕಡೆ ಫೋರ್. ವಾಯವ್ಯ ಮೂಲೆಯ ಬ್ರಿಟನಿ ಸೀಮೆಗೆ ಹೋದರೆ ಬ್ರೆತಾಂ ಎಂಬ ಭಾಷೆಯೇ ಬೇರೆ, ಅಲ್ಲಿ ಲ ಗೊಫ್. ಜರ್ಮನ್ ಮಾತಾಡುತ್ತಿದ್ದ ಆಲ್ಸಾಸ್‌ನಲ್ಲಿ ಶ್ಮಿತ್. ಎಲ್ಲರೂ ಕಮ್ಮಾರರ ಮಕ್ಕಳೇ.

ಇವತ್ತಿನ ಫ್ರೆಂಚ್‌ನಲ್ಲಿ ಕಮ್ಮಾರನಿಗೆ ಫೊರ್ಜರೋಂ ಎನ್ನುತ್ತಾರೆ. ಆ ಹೆಸರಿನ ಮನೆತನ ತೀರ ಕಡಿಮೆ. ಯಾಕೆಂದರೆ ಮನೆತನದ ಹೆಸರುಗಳು ಗಟ್ಟಿಯಾಗುವ ಕಾಲಕ್ಕೆ ಜನರ ಬಾಯಲ್ಲಿದ್ದದ್ದು ಫೆವ್ರ್ ಎಂಬ ಹಳೆಯ ಪದ. ಮಾತಿನಿಂದ ಆ ಪದ ಹೊರಟೇಹೋಯಿತು, ಹೆಸರಿನಲ್ಲಿ ಮಾತ್ರ ಉಳಿಯಿತು. ಇನ್ನೊಂದು ಕಡೆ ಅದು ಅಡಗಿ ಕೂತಿದೆ. ಅಕ್ಕಸಾಲಿಗನಿಗೆ ಫ್ರೆಂಚ್‌ನಲ್ಲಿ ಓರ್‌ಫೆವ್ರ್. ಓರ್ ಅಂದರೆ ಚಿನ್ನ, ಚಿನ್ನದ ಕಮ್ಮಾರ ಎಂದು.

ಲಫೆವ್ರ್ ಬರೆಯುವಾಗ ನಡುವೆ ಒಂದು ಬಿ ಅಕ್ಷರ ಬರುತ್ತದೆ. ಅದನ್ನು ಉಚ್ಚರಿಸುವುದಿಲ್ಲ. ಲ್ಯಾಟಿನ್ ಓದಿದ ಗುಮಾಸ್ತರು ಮೂಲ ಪದ ಫಾಬೆರ್ ಎಂದು ತೋರಿಸಲು ಸೇರಿಸಿದ್ದು. ಆಗ ಯು ಮತ್ತು ವಿ ಒಂದೇ ಅಕ್ಷರವಾಗಿ ಬರೆಯುತ್ತಿದ್ದರು. ಹಾಗಾಗಿ ಕೆಲವರು ಅದನ್ನು ಲಫೆಬ್ಯೂರ್ ಎಂದು ಓದಿದರು. ತಪ್ಪಾಗಿ ಓದಿದ್ದೇ ಇನ್ನೊಂದು ಮನೆತನದ ಹೆಸರಾಗಿ ನಿಂತಿತು.

ಬೇರೆ ಕಸುಬಿನ ಹೆಸರುಗಳು?

ಬೇಕಾದಷ್ಟಿವೆ. ಫೂರ್ನಿಯೆ ಎಂದರೆ ಒಲೆ ನೋಡಿಕೊಳ್ಳುವವನು. ಹಳೆಯ ಕಾಲದಲ್ಲಿ ರೊಟ್ಟಿಯ ದೊಡ್ಡ ಒಲೆ ಜಮೀನ್ದಾರನದು. ಊರಿನವರು ಹಿಟ್ಟು ಕಲಸಿ ತಂದು, ಶುಲ್ಕ ಕೊಟ್ಟು, ಅಲ್ಲಿಯೇ ಬೇಯಿಸಿಕೊಳ್ಳಬೇಕಿತ್ತು. ಆ ಒಲೆಯ ಮುಂದೆ ನಿಂತವನೇ ಫೂರ್ನಿಯೆ. ಮನಿಯೆ, ಮೂನಿಯೆ, ಮೊನಿಯೆ, ಮೊಲಿನಿಯೆ, ಆಲ್ಸಾಸ್‌ನ ಮುಲ್ಲರ್ ಇವೆಲ್ಲ ಹಿಟ್ಟಿನ ಗಿರಣಿಯವರು. ಶಾರ್ಪಾಂತಿಯೆ ಬಡಗಿ. ಅದೇ ಹೆಸರು ಉತ್ತರದಲ್ಲಿ ಕಾರ್ಪಾಂತಿಯೆ, ಏಕೆಂದರೆ ಪಿಕಾರ್ದಿ ಮತ್ತು ಉತ್ತರ ನಾರ್ಮಂಡಿಯ ಮಾತಿನಲ್ಲಿ ಶ ಬರುವ ಕಡೆ ಕ ಉಳಿದಿದೆ. ಗಾಡಿಯ ಚಕ್ರ ಮಾಡುವವನು ಪ್ಯಾರಿಸ್ ಕಡೆ ಶಾರೋಂ, ಉತ್ತರದಲ್ಲಿ ಕಾರೋಂ. ಪಾಸ್ತರ್ ಎಂದರೆ ಕುರಿ ಕಾಯುವವನು. ಹಾಲು ಕೆಡದ ಹಾಗೆ ಕಾಯಿಸುವ ವಿಧಾನಕ್ಕೆ ಹೆಸರು ಕೊಟ್ಟ ವಿಜ್ಞಾನಿ ಲೂಯಿ ಪಾಸ್ತರ್ ಅವರ ಮನೆತನದ ಹೆಸರು ಅದೇ.

ಲರ್ವಾ ಎಂದರೆ ರಾಜ. ಆ ಮನೆಯವರು ರಾಜವಂಶದವರಾ?

ಅಲ್ಲ. ರಾಜರಿಗೆ ಈ ಹೆಸರಿನ ಅಗತ್ಯವೇ ಇರಲಿಲ್ಲ. ಊರ ಹಬ್ಬದಲ್ಲಿ ಎತ್ತರದ ಕಂಬದ ತುದಿಗೆ ಮರದ ಹಕ್ಕಿ ಕಟ್ಟಿ ಬಾಣ ಬಿಡುವ ಸ್ಪರ್ಧೆ ನಡೆಯುತ್ತಿತ್ತು. ಹಕ್ಕಿ ಬೀಳಿಸಿದವನು ಆ ವರ್ಷದ ರಾಜ. ಜನವರಿ 6ರ ಹಬ್ಬದಲ್ಲಿ ಕೇಕಿನೊಳಗೆ ಒಂದು ಅವರೆಕಾಳಿನಂಥ ಬೀಜ ಅಡಗಿಸುತ್ತಾರೆ, ಯಾರ ಪಾಲಿಗೆ ಬಂತೋ ಅವರು ಆ ದಿನದ ರಾಜ. ನಾಟಕದಲ್ಲಿ ರಾಜನ ವೇಷ ಹಾಕಿದವನು, ರಾಜನ ಮನೆಯಲ್ಲಿ ಚಾಕರಿಗಿದ್ದವನು, ಸುಮ್ನೆ ಠೀವಿಯಿಂದ ನಡೆಯುತ್ತಿದ್ದವನು, ಯಾರಿಗೆ ಬೇಕಾದರೂ ಆ ಅಡ್ಡಹೆಸರು ಬರಬಹುದಿತ್ತು. ಲೆವೆಕ್ (ಬಿಷಪ್), ಲಕೋಂತ್ (ಕೌಂಟ್), ಲಮ್ವಾನ್ (ಸನ್ಯಾಸಿ) ಹೆಸರುಗಳ ಕತೆಯೂ ಹೀಗೆಯೇ.

ರೂಪ, ಬಣ್ಣ ನೋಡಿ ಇಟ್ಟ ಹೆಸರುಗಳು?

ಪೆತಿ ಎಂದರೆ ಚಿಕ್ಕವನು. ಬ್ರಿಟನಿಯಲ್ಲಿ ಅವನು ಲ ಬಿಯಾಂ, ಆಲ್ಸಾಸ್‌ನಲ್ಲಿ ಕ್ಲೈನ್. ಲಗ್ರಾಂ ದೊಡ್ಡವನು. ಲಬ್ಲಾಂ ಬೆಳ್ಳಗಿನವನು. ಮೊರೊ ಕಂದು ಬಣ್ಣದವನು. ಕಾಮ್ಯು ಚಪ್ಪಟೆ ಮೂಗಿನವನು. ರೂ, ಲರೂ, ರೂಸೆಲ್, ರೂಸೊ ಇವರೆಲ್ಲ ಕೆಂಪು ಕೂದಲಿನವರು.

ಬೋಳು ತಲೆಯವನಿಗೆ ಶೋವಾಂ. ಪಿಕಾರ್ದಿಯ ಮಾತಿನಲ್ಲಿ ಶ ಬದಲು ಕ, ಹಾಗಾಗಿ ಅಲ್ಲಿ ಕೋವಾಂ. 1509ರಲ್ಲಿ ಪಿಕಾರ್ದಿಯ ನ್ವಾಯೋಂ ಪಟ್ಟಣದಲ್ಲಿ ಜಾಂ ಕೋವಾಂ ಎಂಬ ಹುಡುಗ ಹುಟ್ಟಿದ. ಅವನು ಓದಿ ಪಂಡಿತನಾಗಿ ತನ್ನ ಹೆಸರನ್ನು ಲ್ಯಾಟಿನ್‌ನಲ್ಲಿ ಕಾಲ್ವಿನುಸ್ ಎಂದು ಬರೆದುಕೊಂಡ. ಪ್ರಾಟೆಸ್ಟಂಟ್ ಸುಧಾರಕ ಕಾಲ್ವಿನ್ ಎಂದು ಜಗತ್ತಿಗೆ ಗೊತ್ತಿರುವವನು ಅವನೇ.

ಹೆಸರಿನಲ್ಲಿ ದ ಅಥವಾ ದ್ಯು ಇದ್ದರೆ ಜಮೀನ್ದಾರಿ ಮನೆತನ ಅಂತಾನಾ?

ಇದು ತುಂಬ ಹರಡಿರುವ ತಪ್ಪು ತಿಳಿವಳಿಕೆ. ದ ಎಂದರೆ ಬರೀ ಇಂಥ ಕಡೆಯ ಎಂದರ್ಥ. ದ್ಯು ಅದರದೇ ಇನ್ನೊಂದು ರೂಪ. ದ್ಯುಪೋಂ ಸೇತುವೆಯ ಹತ್ತಿರದವನು. ದ್ಯುಬ್ವಾ ಕಾಡಿನ ಅಂಚಿನವನು. ದ್ಯುಮೋಂ ಬೆಟ್ಟದವನು. ದ್ಯುವಾಲ್ ಕಣಿವೆಯವನು. ದ್ಯುಮಾ ದಕ್ಷಿಣದ ಹೆಸರು, ಮಾಸ್ ಎಂಬ ತೋಟದ ಮನೆಯಿಂದ ಬಂದದ್ದು. ಸೇತುವೆ ಪಕ್ಕದ ಗುಡಿಸಲಿನಲ್ಲಿದ್ದವನೂ ದ್ಯುಪೋಂ ಆಗುತ್ತಿದ್ದ. ಶ್ರೀಮಂತರು ತಮ್ಮ ಜಮೀನಿನ ಊರನ್ನು ದ ಎಂದು ಸೇರಿಸಿಕೊಳ್ಳುತ್ತಿದ್ದದ್ದು ನಿಜ. ಆದರೆ ಅದರಿಂದ ಹುಟ್ಟು ತಿಳಿಯುವುದಿಲ್ಲ.

ಮರಗಳಿಂದ ಬಂದ ಹೆಸರುಗಳಲ್ಲಿ ಸೀಮೆಯ ಗುರುತು ಇನ್ನೂ ಚೆನ್ನಾಗಿ ಕಾಣುತ್ತದೆ. ಓಕ್ ಮರಕ್ಕೆ ಮಧ್ಯ ಫ್ರಾನ್ಸ್‌ನಲ್ಲಿ ಶೆನ್, ಹಾಗಾಗಿ ದ್ಯುಶೆನ್. ಪಿಕಾರ್ದಿ, ನಾರ್ಮಂಡಿಯಲ್ಲಿ ದ್ಯುಕೆನ್. ದಕ್ಷಿಣದಲ್ಲಿ ಅದೇ ಮರದ ತೋಪು ಕಸಾನ್ಯ್. ಲಾಫಾಯೆತ್ ಎಂದರೆ ಬೀಚ್ ಮರದ ತೋಪು.

ಕ್ರಾಂತಿಯ ಸಮಯದಲ್ಲಿ, 1790ರ ಜೂನ್‌ನಲ್ಲಿ, ವಂಶಪಾರಂಪರ್ಯದ ಪದವಿಗಳನ್ನೆಲ್ಲ ರದ್ದು ಮಾಡಿದರು. ಪದಚ್ಯುತನಾದ ದೊರೆ ಹದಿನಾರನೇ ಲೂಯಿಗೂ ಲೂಯಿ ಕಾಪೆ ಎಂದು ಸಾಮಾನ್ಯನ ಹಾಗೆ ಹೆಸರಿಟ್ಟರು. ಹತ್ತನೇ ಶತಮಾನದ ಅವನ ಪೂರ್ವಜ ಹ್ಯೂಗ್‌ನ ಅಡ್ಡಹೆಸರು ಕಾಪೆ. ಅದು ನನ್ನ ಹೆಸರಲ್ಲ ಎಂದು ಲೂಯಿ ವಾದಿಸಿದ. ಯಾರೂ ಕೇಳಲಿಲ್ಲ.

ಹೆಸರು ನೋಡಿ ಸೀಮೆ ಹೇಳಬಹುದಾ?

ಎಷ್ಟೋ ಸಲ ಹೇಳಬಹುದು. ಲ ಎಂಬ ತುಣುಕು ಬಿಡಿಯಾಗಿ ನಿಂತು ಮುಂದೆ ಬ್ರೆತಾಂ ಪದವಿದ್ದರೆ ಬ್ರಿಟನಿ. ಲ ಗಾಲ್ ಎಂದರೆ ಬ್ರೆತಾಂ ಮಾತು ಬಾರದ ಹೊರಗಿನವನು. ಕೆರ್ ಎಂದು ಶುರುವಾಗುವ ಹೆಸರುಗಳೂ ಅಲ್ಲಿಯವೇ, ಕೆರ್ ಎಂದರೆ ಪುಟ್ಟ ಊರು. ಕೊನೆಯಲ್ಲಿ ಇ ಸ್ವರ ಬಂದು ಇಟಾಲಿಯನ್ ಹಾಗೆ ಕೇಳಿಸಿದರೆ ಕೋರ್ಸಿಕಾ ಇರಬಹುದು.

ಪಿರನೀಸ್ ಬೆಟ್ಟದ ಕೆಳಗಿನ ಬಾಸ್ಕ್ ನಾಡಿನಲ್ಲಿ ಹೆಸರು ಮನುಷ್ಯನದಲ್ಲ, ಮನೆಯದು. ಆ ಮನೆಯಲ್ಲಿ ಯಾರು ಬಾಳಿದರೋ ಅವರಿಗೆ ಮನೆಯ ಹೆಸರು. ಮನೆ ಅಳಿಯನಾಗಿ ಬಂದವನಿಗೂ ಅದೇ. ಎಲಿಸಾಲ್ದ್ ಎಂದರೆ ಚರ್ಚಿನ ಪಕ್ಕದ್ದು. ಎಚೆವೆರಿ ಎಂದರೆ ಹೊಸ ಮನೆ. ಧಾರವಾಡದ ಕಡೆಯ ಹೊಸಮನಿಯವರು ಒಬ್ಬ ಎಚೆವೆರಿಯನ್ನು ಕಂಡರೆ ನಾವಿಬ್ಬರೂ ಒಂದೇ ಹೆಸರಿನವರು ಎಂದು ಧೈರ್ಯವಾಗಿ ಹೇಳಬಹುದು.

ನಾರ್ಮಂಡಿಯಲ್ಲಿ ವೈಕಿಂಗರ ಗುರುತು ಇದೆ. ಆಂಕತಿಲ್ ಎಂಬ ಹೆಸರು ಹಳೆಯ ನಾರ್ಸ್ ಭಾಷೆಯ ಆಸ್ಕೆಟಿಲ್‌ನಿಂದ ಬಂತು. ಆಸ್ ಎಂದರೆ ದೇವರು, ಕೆಟಿಲ್ ಎಂದರೆ ಕೊಪ್ಪರಿಗೆ. 1755ರಲ್ಲಿ ಪುದುಚೇರಿಗೆ ಬಂದಿಳಿದು, ಮುಂದೆ ಪಾರ್ಸಿಗಳ ಧರ್ಮಗ್ರಂಥ ಅವೆಸ್ತಾವನ್ನು ಯುರೋಪಿಗೆ ಕೊಂಡೊಯ್ದ ವಿದ್ವಾಂಸ ಆಂಕತಿಲ್-ದ್ಯುಪೆರೋಂನ ಹೆಸರಿನಲ್ಲಿ ಆ ಕೊಪ್ಪರಿಗೆ ಇದೆ.

ಬರೆಯುವುದೊಂದು, ಓದುವುದೊಂದು ಯಾಕೆ?

ಬರವಣಿಗೆ ಹಳೆಯ ಉಚ್ಚಾರಣೆಯಲ್ಲೇ ನಿಂತಿತು, ಬಾಯಿ ಮುಂದೆ ಹೋಯಿತು. ಕೊನೆಯ ತ, ದ, ಸಗಳನ್ನು ಒಂದು ಕಾಲದಲ್ಲಿ ಉಚ್ಚರಿಸುತ್ತಿದ್ದರು. ಈಗ ಬಹುತೇಕ ಇಲ್ಲ. ನಮ್ಮಲ್ಲಿ ಕೆಲವರು ರೆನಾಲ್ಟ್ ಎನ್ನುವ ಕಾರಿನ ಹೆಸರು ಅಲ್ಲಿ ರೆನೊ. ಅದರ ಮೂಲ ರಾಗಿನ್‌ವಾಲ್ಡ್ ಎಂಬ ಜರ್ಮಾನಿಕ್ ಹೆಸರು, ಹಾಗಾಗಿ ಬರವಣಿಗೆಯ ಕೊನೆಯಲ್ಲಿ ಅಷ್ಟೊಂದು ಅಕ್ಷರ. ಸವೋಯಿ ಕಡೆಯ ಹೆಸರುಗಳ ಕೊನೆಗೆ ಜೆಡ್ ಅಕ್ಷರ ಕಂಡರೆ, ಅದು ಹಿಂದಿನ ಸ್ವರವನ್ನು ಎಳೆಯದೆ ಹಗುರವಾಗಿ ಓದಿ ಎಂದು ಹಾಕಿದ ಗುರುತು.

ಅಪ್ಪನ ಹೆಸರಿನಿಂದ ಬಂದವು ಇಷ್ಟೊಂದು ರೂಪದಲ್ಲಿ ಯಾಕಿವೆ?

ಮುದ್ದಿನಿಂದ. ಮನೆಯಲ್ಲಿ ಕರೆಯುವ ಹೆಸರು ಬೇರೆ ಅಲ್ವಾ? ಪಿಯೆರ್ ಮಗು ಪೆರಾಂ, ಪೆರೊ, ಪೆರೆ ಆಗುತ್ತಿತ್ತು. ನಿಕೊಲಾದ ತಲೆ ಕತ್ತರಿಸಿ ಕೊಲಾ, ಕೊಲಾಂ. ಎತಿಯೆನ್‌ನಿಂದ ತೆವನಾಂ, ತೆವನೆ. ಮಿಶೆಲ್‌ನಿಂದ ಮಿಶೋ, ಮಿಶಲೆ, ಮಿಶಲಾಂ. ಟೈರಿನ ಮಿಶೆಲಿನ್ ಎಂದರೆ ಪುಟ್ಟ ಮಿಶೆಲ್, ಅಷ್ಟೇ. ಹುಟ್ಟಿದ ದಿನವೂ ಹೆಸರಾಗಿದೆ. ಈಸ್ಟರ್ ಹಬ್ಬಕ್ಕೆ ಪಾಸ್ಕಾಲ್, ಕ್ರಿಸ್‌ಮಸ್‌ಗೆ ನೊಯೆಲ್, ಸರ್ವಸಂತರ ದಿನಕ್ಕೆ ತೂಸಾಂ.

ತಂದೆ ತಾಯಿ ಯಾರೆಂದು ಗೊತ್ತಿಲ್ಲದ ಮಕ್ಕಳಿಗೆ ಏನು ಹೆಸರಿಡುತ್ತಿದ್ದರು?

ಸಿಕ್ಕ ಜಾಗದ್ದು, ಸಿಕ್ಕ ದಿನದ್ದು, ಆ ದಿನದ ಸಂತನದು. ತ್ರೂವೆ ಎಂಬ ಹೆಸರೇ ಇದೆ, ಸಿಕ್ಕಿದ್ದು ಎಂದರ್ಥ. 1717ರ ನವೆಂಬರ್‌ನಲ್ಲಿ ಪ್ಯಾರಿಸ್‌ನ ಸಾಂ-ಜಾಂ-ಲ-ರೋಂ ಚರ್ಚಿನ ಮೆಟ್ಟಿಲ ಮೇಲೆ ಒಂದು ಕೂಸು ಸಿಕ್ಕಿತು. ಆ ಚರ್ಚಿನ ಹೆಸರನ್ನೇ ಕೊಟ್ಟರು, ಜಾಂ ಲ ರೋಂ. ಅವನೇ ಮುಂದೆ ದೊಡ್ಡ ಗಣಿತಜ್ಞ ದಾಲಾಂಬೆರ್.

ಹೆಸರೇ ಇಲ್ಲದ ಹಾಗೆ ಇಟ್ಟಿದ್ದ ಜನರ ಕತೆ ಇದಕ್ಕಿಂತ ನೋವಿನದು. ಮಾರ್ತಿನಿಕ್, ಗ್ವಾಡೆಲೂಪ್, ಗಯಾನಾ, ರೆಯೂನಿಯೋಂ ವಸಾಹತುಗಳಲ್ಲಿ ಗುಲಾಮರಿಗೆ ಕರೆಯುವ ಹೆಸರು, ಒಂದು ನಂಬರು, ಅಷ್ಟೇ ಇತ್ತು. 1848ರ ಏಪ್ರಿಲ್ 27ರಂದು ಫ್ರಾನ್ಸ್ ಗುಲಾಮಗಿರಿಯನ್ನು ರದ್ದು ಮಾಡಿತು. ಸುಮಾರು 2.5 ಲಕ್ಷ ಜನ ಬಿಡುಗಡೆಯಾದರು. ಪೌರರಾಗಬೇಕಾದರೆ ಮನೆತನದ ಹೆಸರು ಬೇಕು. ಗುಮಾಸ್ತರು ಸಾಲಾಗಿ ನಿಂತವರಿಗೆ ಹೆಸರು ಬರೆಯುತ್ತ ಹೋದರು. ಗಿಡಮರ, ಪುರಾಣದ ಪಾತ್ರ, ಹಳೆಯ ಹೆಸರಿನ ಅಕ್ಷರ ಹಿಂದುಮುಂದು ಮಾಡಿದ್ದು, ಕೈಗೆ ಸಿಕ್ಕಿದ್ದೆಲ್ಲ ಹೆಸರಾಯಿತು. ಅಂಥ ಹೆಸರಿಗೆ ಅರ್ಥ ಹುಡುಕುವಾಗ ಇದು ಮನಸ್ಸಿನಲ್ಲಿರಲಿ.

ಇದಕ್ಕೂ ಹಿಂದೆ, 1786ರಲ್ಲಿ, ಒಬ್ಬ ಯುವಕ ತಾನಾಗಿಯೇ ಒಂದು ಹೆಸರನ್ನು ಆರಿಸಿಕೊಂಡ. ಅವನ ಅಪ್ಪ ಮಾರ್ಕಿ ಪದವಿಯ ಶ್ರೀಮಂತ, ಅಮ್ಮ ಈಗಿನ ಹೈಟಿಯಲ್ಲಿ ಗುಲಾಮಳಾಗಿದ್ದ ಮರಿ-ಸೆಸೆತ್ ದ್ಯುಮಾ. ಸೈನ್ಯಕ್ಕೆ ಸಾಮಾನ್ಯ ಸಿಪಾಯಿಯಾಗಿ ಸೇರುವಾಗ ಅವನು ಅಪ್ಪನ ಹೆಸರು ಬಿಟ್ಟು ಅಮ್ಮನ ಹೆಸರು ಬರೆಸಿದ. ಕ್ರಾಂತಿಯ ಸೈನ್ಯದಲ್ಲಿ ಅವನು ಜನರಲ್ ದ್ಯುಮಾ ಆದ. ಅಮ್ಮನ ಹೆಸರು ಅವನಿಂದ ಚರಿತ್ರೆಗೆ ಸೇರಿತು.

ಯಹೂದಿ ಮನೆತನಗಳ ಹೆಸರು?

1808ರ ಜುಲೈ 20ರಂದು ನೆಪೋಲಿಯನ್ ಹೊರಡಿಸಿದ ಆಜ್ಞೆಯಂತೆ, ಸ್ಥಿರವಾದ ಮನೆತನದ ಹೆಸರಿಲ್ಲದ ಯಹೂದಿಗಳು ಒಂದನ್ನು ಆರಿಸಿಕೊಳ್ಳಬೇಕಾಯಿತು. ಕಾರು ಕಂಪನಿಯ ಸಿತ್ರೋಯೆನ್ ಹೆಸರು ನೆದರ್‌ಲ್ಯಾಂಡ್ಸ್‌ನಿಂದ ಬಂದದ್ದು. ಆ ಮನೆಯ ಹಿರಿಯರು ಹಣ್ಣು ಮಾರುತ್ತಿದ್ದರು. ಡಚ್‌ನಲ್ಲಿ ಸಿತ್ರೂನ್ ಎಂದರೆ ನಿಂಬೆ.

ಡು ಪ್ಲೆಸಿ, ಡಿ ವಿಲಿಯರ್ಸ್ ದಕ್ಷಿಣ ಆಫ್ರಿಕಾಕ್ಕೆ ಹೋದದ್ದು ಹೇಗೆ?

ಬೋಳು ತಲೆಯ ಹೆಸರಿನ ಕಾಲ್ವಿನ್ ನೆನಪಿದೆಯಾ? ಅವನ ದಾರಿ ಹಿಡಿದ ಫ್ರೆಂಚ್ ಪ್ರಾಟೆಸ್ಟಂಟರಿಗೆ ಹ್ಯೂಗೆನೊ ಎಂದು ಹೆಸರು. 1598ರಲ್ಲಿ ಅವರಿಗೆ ಸಿಕ್ಕಿದ್ದ ರಕ್ಷಣೆಯನ್ನು 1685ರಲ್ಲಿ ಹದಿನಾಲ್ಕನೇ ಲೂಯಿ ಕಿತ್ತುಕೊಂಡ. ಜನ ದೇಶ ಬಿಟ್ಟು ಓಡಿದರು. 1688ರಿಂದ ಡಚ್ಚರ ಹಡಗುಗಳಲ್ಲಿ ಸುಮಾರು 200 ಜನ ಗುಡ್‌ಹೋಪ್ ಭೂಶಿರಕ್ಕೆ ಹೋಗಿ ದ್ರಾಕ್ಷಿ ನೆಟ್ಟರು. ಅವರ ಮಕ್ಕಳು ಎರಡು ತಲೆಮಾರಿನಲ್ಲಿ ಫ್ರೆಂಚ್ ಮರೆತರು. ಹೆಸರು ಮಾತ್ರ ಉಳಿಯಿತು.

ವಿಲಿಯೆ ಎಂದರೆ ಪುಟ್ಟ ಊರು. ಪ್ಲೆಸಿ ಎಂದರೆ ಹಸಿ ಕೊಂಬೆಗಳನ್ನು ಹೆಣೆದು ಮಾಡಿದ ಬೇಲಿಯೊಳಗಿನ ಜಾಗ. ಆರ್‌ಸಿಬಿಗೆ ಆಡಿದ ಇನ್ನೊಬ್ಬ ದಕ್ಷಿಣ ಆಫ್ರಿಕನ್ ರೈಲಿ ರೊಸೊ. ಆ ಹೆಸರು ಮೂಲದಲ್ಲಿ ರೂಸೊ, ಕೆಂಪು ಕೂದಲಿನವನು. ಆಫ್ರಿಕಾನ್ಸ್ ಭಾಷೆಯ ಕಾಗುಣಿತದಲ್ಲಿ ಬರೆದು ಬರೆದು ಈಗ ಗುರುತೇ ಸಿಗುವುದಿಲ್ಲ.

ಕೆನಡಾದ ಕ್ವಿಬೆಕ್‌ನಲ್ಲಿ?

ಅಲ್ಲಿ ಸಿಪಾಯಿಗಳ ಹೆಸರುಗಳು ಬಹಳ. ಸೈನ್ಯ ಸೇರಿದವನಿಗೆ ಲಾಫ್ಲರ್ (ಹೂವು), ಲಾತ್ಯುಲಿಪ್ (ಟುಲಿಪ್), ಸಾಂಸೂಸಿ (ಚಿಂತೆಯಿಲ್ಲದವನು) ಎಂದು ಹೆಸರಿಡುವುದು ರೂಢಿ. 1665ರಲ್ಲಿ ಬಂದ ಪಡೆಯ ಎಷ್ಟೋ ಸಿಪಾಯಿಗಳು ಅಲ್ಲಿಯೇ ನೆಲೆಸಿದರು, ಆ ಹೆಸರುಗಳೂ ನಿಂತವು. ಕ್ವಿಬೆಕ್‌ನ ಅತಿ ಸಾಮಾನ್ಯ ಹೆಸರು ಮಾತ್ರ ತ್ರಾಂಬ್ಲೆ. ಮಾರ್ತಾಂಗೆ ಪೂರ್ತಿ ಉಲ್ಟಾ ಕತೆ ಇದು. 1647ರಲ್ಲಿ ಪೆರ್ಶ್ ಸೀಮೆಯಿಂದ ಬಂದ ಪಿಯೆರ್ ತ್ರಾಂಬ್ಲೆ ಎಂಬ ಒಬ್ಬನೇ ಮನುಷ್ಯ ಆ ಮನೆತನದ ಮೂಲ.

ಮದುವೆಯಾದ ಮೇಲೆ ಹೆಂಗಸರ ಹೆಸರು ಬದಲಾಗುತ್ತದಾ? ಮಕ್ಕಳಿಗೆ ಯಾರ ಹೆಸರು?

ಕಾನೂನಿನ ಪ್ರಕಾರ ಬದಲಾಗುವುದಿಲ್ಲ. 1794ರ ಆ ಕಾನೂನು ಹೆಂಗಸರಿಗೂ ಅನ್ವಯ. ಹುಟ್ಟಿದಾಗಿನ ಹೆಸರೇ ಕೊನೆತನಕ ಅವರ ಹೆಸರು. ಗಂಡನದನ್ನು ಬಳಕೆಗೆ ಮಾತ್ರ ಇಟ್ಟುಕೊಳ್ಳಬಹುದು, ಗಂಡನೂ ಹೆಂಡತಿಯದನ್ನು ಇಟ್ಟುಕೊಳ್ಳಬಹುದು. 2005ರಿಂದ ಮಗುವಿಗೆ ಅಪ್ಪನ, ಅಮ್ಮನ ಅಥವಾ ಇಬ್ಬರ ಹೆಸರನ್ನೂ ಕೊಡಬಹುದು. 2022ರ ಜುಲೈ 1ರಿಂದ ದೊಡ್ಡವರು ಕೂಡ ಜೀವನದಲ್ಲಿ ಒಮ್ಮೆ, ಊರಾಡಳಿತದ ಕಚೇರಿಯಲ್ಲಿ ಒಂದು ಅರ್ಜಿ ಕೊಟ್ಟು, ಅಪ್ಪನ ಹೆಸರಿನಿಂದ ಅಮ್ಮನ ಹೆಸರಿಗೆ ಬದಲಾಯಿಸಿಕೊಳ್ಳಬಹುದು. ಜನರಲ್ ದ್ಯುಮಾ ಅವತ್ತು ಮಾಡಿದ್ದು ಇವತ್ತು ಯಾರು ಬೇಕಾದರೂ ಮಾಡಬಹುದು. ಕೊಶೋಂ (ಹಂದಿ) ಎಂಬಂಥ ಮುಜುಗರದ ಹೆಸರು ಇರುವವರು ಕಾರಣ ಕೊಟ್ಟು ಕಾನೂನು ಸಚಿವಾಲಯಕ್ಕೆ ಅರ್ಜಿ ಹಾಕುವ ದಾರಿ ನೆಪೋಲಿಯನ್ ಕಾಲದಿಂದಲೂ ಇದೆ.

ಒಂದು ಹೆಸರಿನ ಮೂಲ ಹುಡುಕಲು ಎಲ್ಲಿಂದ ಶುರು ಮಾಡಬೇಕು?

ಸಿಕ್ಕಿರುವ ಅತಿ ಹಳೆಯ ಪೂರ್ವಜನ ಊರಿನಿಂದ. ಫ್ರಾನ್ಸಿನ ಜಿಲ್ಲಾ ದಾಖಲೆ ಭಂಡಾರಗಳು ಹಳೆಯ ಪುಸ್ತಕಗಳ ಪುಟಗಳನ್ನು ಆನ್‌ಲೈನ್‌ನಲ್ಲಿ ಇಟ್ಟಿವೆ, ಬಹುತೇಕ ಕಡೆ ಉಚಿತ. 1792ರಿಂದ ಈಚೆಗೆ ಹತ್ತು ಹತ್ತು ವರ್ಷಕ್ಕೊಂದು ಹೆಸರುಪಟ್ಟಿ ಇದೆ, ಅದನ್ನು ಮೊದಲು ನೋಡಿ. ಅದಕ್ಕೂ ಹಿಂದಿನದಕ್ಕೆ ಚರ್ಚಿನ ಪುಸ್ತಕ. ಕಾಗುಣಿತಕ್ಕೆ ಅಂಟಿಕೊಳ್ಳಬೇಡಿ. ಅಣ್ಣನದು ಒಂದು ರೀತಿ, ತಮ್ಮನದು ಒಂದು ರೀತಿ ಬರೆದಿರುವುದು ಮಾಮೂಲು. 1877ರಿಂದ ಪ್ರತಿ ಸಂಸಾರಕ್ಕೂ ಒಂದು ಕುಟುಂಬ ಪುಸ್ತಿಕೆ ಕೊಡತೊಡಗಿದ ಮೇಲೆ ಕಾಗುಣಿತ ನಿಂತಿತು.

ಪ್ಯಾರಿಸ್‌ನವರಾದರೆ ಕಷ್ಟ. ದಾಖಲೆಗಳ ಎರಡು ಪ್ರತಿಗಳನ್ನು ಎರಡು ಕಟ್ಟಡಗಳಲ್ಲಿ ಇಟ್ಟಿದ್ದರು. 1871ರ ಮೇ ತಿಂಗಳ ದಂಗೆಯಲ್ಲಿ ಎರಡೂ ಸುಟ್ಟುಹೋದವು. 1860ಕ್ಕೂ ಹಿಂದಿನ ಸುಮಾರು 80 ಲಕ್ಷ ಪತ್ರಗಳು ಬೂದಿಯಾದವು, ಮತ್ತೆ ಬರೆದು ಉಳಿಸಿಕೊಂಡದ್ದು ಸುಮಾರು ಮೂರನೇ ಒಂದು ಭಾಗ. ಇನ್ನೊಂದು ವಿಷಯ: ವಂಶ ತಿಳಿಯಲು ಮನೆಗೆ ಕಿಟ್ ತರಿಸಿ ಡಿಎನ್‌ಎ ಪರೀಕ್ಷೆ ಮಾಡಿಸುವುದು ಫ್ರಾನ್ಸ್‌ನಲ್ಲಿ ಕಾನೂನುಬಾಹಿರ, ದಂಡ ಬೀಳಬಹುದು.

ನಮ್ಮ ಭಾರತದಲ್ಲಿ ಫ್ರೆಂಚ್ ಮನೆತನದ ಹೆಸರಿನವರು ಇದ್ದಾರಾ?

ಪುದುಚೇರಿಯಲ್ಲಿ ಇದ್ದಾರೆ. 1881ರ ಸೆಪ್ಟೆಂಬರ್ 21ರ ಒಂದು ಆಜ್ಞೆಯ ಪ್ರಕಾರ ಅಲ್ಲಿನ ಭಾರತೀಯರು ತಮ್ಮ ಜಾತಿ, ಧರ್ಮದ ವೈಯಕ್ತಿಕ ಕಾನೂನನ್ನು ಬಿಟ್ಟು ಫ್ರೆಂಚ್ ಕಾನೂನಿಗೆ ಒಳಪಡಬಹುದಿತ್ತು. ಹಾಗೆ ಮಾಡಿದವರು ಒಂದು ಮನೆತನದ ಹೆಸರನ್ನು ಆರಿಸಿಕೊಳ್ಳಬೇಕಿತ್ತು. ವಕೀಲ ಪೊನ್ನುತಂಬಿ ಪಿಳ್ಳೆ ಅವರಲ್ಲಿ ಮುಂದಾಳು. 1873ರಲ್ಲಿ ಬೂಟು ಹಾಕಿಕೊಂಡು ಕೋರ್ಟಿಗೆ ಬಂದದ್ದಕ್ಕೆ ಅವರನ್ನು ತಡೆದಿದ್ದರು. ಅವರು ಆರಿಸಿಕೊಂಡ ಹೆಸರು ಲಾಪೋರ್ತ್, ಅಂದರೆ ಬಾಗಿಲು.

ಇದಕ್ಕೆ ಉಲ್ಟಾ ಕತೆ ರೆಯೂನಿಯೋಂ, ಗ್ವಾಡೆಲೂಪ್‌ಗಳಲ್ಲಿದೆ. ಕಬ್ಬಿನ ತೋಟಕ್ಕೆ ಕೂಲಿಗೆ ಹೋದ ತಮಿಳರ ಒಂಟಿ ಹೆಸರುಗಳು ಅಲ್ಲಿ ಮನೆತನದ ಹೆಸರಾದವು. ಮುತ್ತುಸಾಮಿ, ರಾಮಸಾಮಿ ಎಂಬವು ಫ್ರೆಂಚ್ ಕಾಗುಣಿತದಲ್ಲಿ ಕೂತು ಇವತ್ತಿಗೂ ಅಲ್ಲಿನ ಮನೆಗಳ ಬಾಗಿಲ ಮೇಲಿವೆ.

ಫ್ರಾನ್ಸಿಗೆ ಹೋಗುವ ಕನ್ನಡಿಗರು ಹೆಸರಿನ ವಿಷಯದಲ್ಲಿ ಏನು ನೋಡಿಕೊಳ್ಳಬೇಕು?

ಅಲ್ಲಿನ ಅರ್ಜಿಯಲ್ಲಿ ನೋಂ ಎಂದರೆ ಮನೆತನದ ಹೆಸರು, ಪ್ರೆನೋಂ ಎಂದರೆ ನಿಮ್ಮ ಹೆಸರು. ಮನೆತನದ್ದನ್ನು ಮೊದಲು, ದೊಡ್ಡ ಅಕ್ಷರದಲ್ಲಿ ಬರೆಯುವುದು ಅವರ ರೂಢಿ. ಇನಿಷಿಯಲ್ ಇಟ್ಟುಕೊಳ್ಳುವ ನಮ್ಮ ಮೈಸೂರು ಸೀಮೆಯವರಿಗೆ ಇಲ್ಲಿ ಗೊಂದಲವಾಗುತ್ತದೆ. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಕೊನೆಯ ಹೆಸರಾಗಿ ಕೊಟ್ಟಿದ್ದರೆ ಆಫೀಸಿನಲ್ಲಿ ಎಲ್ಲರೂ ನಿಮ್ಮನ್ನು ಅದರಿಂದಲೇ ಕರೆಯುತ್ತಾರೆ. ಎಲ್ಲ ಕಾಗದದಲ್ಲೂ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಬರೆಯಿರಿ.

ಕರ್ನಾಟಕದ ಚರಿತ್ರೆಯಲ್ಲಿ ಯಾವುದಾದರೂ ಫ್ರೆಂಚ್ ಹೆಸರು ಇದೆಯಾ?

ಇದೆ, ಅಬ್ಬೆ ದ್ಯುಬ್ವಾ. ದಕ್ಷಿಣ ಫ್ರಾನ್ಸಿನ ಆರ್ದೆಶ್ ಸೀಮೆಯ ಪಾದ್ರಿ. 1792ರಲ್ಲಿ ಭಾರತಕ್ಕೆ ಹೊರಟವರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚದುರಿಹೋಗಿದ್ದ ಅಲ್ಲಿನ ಕ್ರೈಸ್ತರನ್ನು ಒಟ್ಟುಗೂಡಿಸಲು ಮೈಸೂರು ಸೀಮೆಗೆ ಬಂದರು. ಇಲ್ಲಿನವರ ಹಾಗೆ ಬಟ್ಟೆ ಹಾಕಿದರು, ಇಲ್ಲಿನ ಊಟ ಮಾಡಿದರು. ಸಿಡುಬಿನ ಲಸಿಕೆಯನ್ನು ಮೈಸೂರು ಸೀಮೆಯಲ್ಲಿ ಹರಡಿದವರಲ್ಲಿ ಅವರೂ ಒಬ್ಬರು. ನಮ್ಮ ಜನರ ಆಚಾರ ವಿಚಾರಗಳ ಬಗ್ಗೆ ಅವರು ಬರೆದದ್ದರಲ್ಲಿ ಒಪ್ಪದೇ ಇರುವಂಥದ್ದು ಬೇಕಾದಷ್ಟಿದೆ. ಆದರೂ ಆ ಕಾಲದ ಊರ ಬದುಕನ್ನು ಅಷ್ಟು ಹತ್ತಿರದಿಂದ ನೋಡಿ ಬರೆದ ಯುರೋಪಿನವರು ಕಡಿಮೆ. 1823ರಲ್ಲಿ ಮರಳಿ ಹೋದರು, 1848ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡರು.

ಕಾಡಿನ ಅಂಚಿನ ಒಬ್ಬ ಪೂರ್ವಜನಿಗೆ ಅಕ್ಕಪಕ್ಕದವರು ಇಟ್ಟ ಹೆಸರನ್ನು ಹೊತ್ತು ಅವರು ಇಲ್ಲಿಗೆ ಬಂದರು. ದ್ಯುಬ್ವಾ ಎಂಬುದು ಇಲ್ಲಿನವರ ನಾಲಿಗೆಗೆ ಹೊರಳಲಿಲ್ಲವೇನೋ. ಅವರನ್ನು ಕಂಡವರು ದೊಡ್ಡಸ್ವಾಮಿಯವರು ಎಂದು ಕರೆದರು.